ಸಾಧುವಾಕ್ಯದ ವಿಚಾರ: ನಿತ್ಯವ್ಯವಹಾರದ ಇಂಗ್ಲಿಷೂ ಕನ್ನಡದ ವ್ಯಾಕರಣವೂ

ಕೆಳಗೆ ಕೊಟ್ಟಿರುವ ವಾಕ್ಯಗಳಲ್ಲಿನ ತಪ್ಪುಗಳನ್ನು ತಿದ್ದಿ ಬರೆಯಿರಿ ಎಂಬ ಪ್ರಶ್ನೆಯಿಲ್ಲದ ಇಂಗ್ಲಿಷ್ ಪ್ರಶ್ನಪತ್ರಿಕೆ ನಮ್ಮ ಶಾಲಾ ಕಾಲೇಜುಗಳಲ್ಲಿ ವಿರಳವೆಂದೇ ಹೇಳಬೇಕು. ನೋಟಕ್ಕೆ ಪ್ರಶ್ನೆ ಅತ್ಯಂತ ಸರಳವಾದುದು. ಐದಾರು ವಾಕ್ಯಗಳು, ಒಂದೊಂದರಲ್ಲಿ ಒಂದೊಂದು ದೋಷ, ದೋಷವನ್ನು ಕಂಡುಹಿಡಿದವನಿಗೆ ಒಂದು ಅಂಕ. ಆದರೆ ಈ ಸರಳತೆಯ ಹಿಂದೆ ಒಂದು ಸಿದ್ಧಾಂತ ಅಡಗಿದೆ. ವಾಕ್ಯದ ಸಾಧುತ್ವವು ವಾಕ್ಯದೊಳಗೇ ಇರುತ್ತದೆ; ಅದನ್ನು ಯಾರು, ಯಾರಿಗೆ, ಯಾವ ಸಂದರ್ಭದಲ್ಲಿ ಹೇಳಿದರೆಂಬುದನ್ನು ತಿಳಿಯದೆಯೇ ಅದನ್ನು ನಿರ್ಣಯಿಸಬಹುದು; ಹೇಳಿದವನ ಮಾತೃಭಾಷೆ ಯಾವುದೆಂದು ವಿಚಾರಿಸುವ ಅಗತ್ಯವಂತೂ ಇಲ್ಲವೇ ಇಲ್ಲ — ಇದೇ ಆ ಸಿದ್ಧಾಂತ. ಪರೀಕ್ಷಕರಲ್ಲಿ ಬಹುಮಂದಿ ಇದನ್ನು ಸಿದ್ಧಾಂತವೆಂದು ಅರಿಯದೆಯೇ ಪಾಲಿಸುತ್ತಾರೆ. ಅದು ಎಷ್ಟರಮಟ್ಟಿಗೆ ನಿಲ್ಲುತ್ತದೆಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಪರಿಶೀಲನೆಗೆ ಗ್ರಂಥಸ್ಥವಾದ ಇಂಗ್ಲಿಷನ್ನು ಆರಿಸಿಕೊಳ್ಳದೆ ರಸೀದಿ, ರಜೆಯ ಅರ್ಜಿ, ಹಾಜರಿಪಟ್ಟಿ, ಬ್ಯಾಂಕಿನ ಕಾಗದ ಇವುಗಳಲ್ಲಿ ಬಳಕೆಯಾಗುವ ಇಂಗ್ಲಿಷನ್ನು ಆರಿಸಿಕೊಂಡಿದೆ.

ಅಂಥ ಇಂಗ್ಲಿಷಿಗೆ ಬೇಲೂರು ತಾಲ್ಲೂಕಿನ ಅರೇಹಳ್ಳಿಯ ಸೀಮೆ ಒಳ್ಳೆಯ ಕ್ಷೇತ್ರ. ಹೋಬಳಿಯ ಕೇಂದ್ರವಾದ ಈ ಊರಿನ ಸುತ್ತ ಕಾಫಿಯ ತೋಟಗಳಿವೆ. ತೋಟದ ವ್ಯವಹಾರದ ಜೊತೆಗೆ ಒಂದು ಬಗೆಯ ಇಂಗ್ಲಿಷೂ ಈ ನೆಲದಲ್ಲಿ ಬೇರು ಬಿಟ್ಟಿದೆ. ಪಲ್ಪರ್, ಪಾರ್ಚ್‌ಮೆಂಟ್, ಮಸ್ಟರ್ ರೋಲ್ ಮೊದಲಾದ ಮಾತುಗಳನ್ನು ಇಂಗ್ಲಿಷಿನ ಒಂದು ವಾಕ್ಯವನ್ನೂ ರಚಿಸಲಾರದವರು ಸಹ ದಿನನಿತ್ಯ ಆಡುತ್ತಾರೆ. ಮಾರ್ಚಿ ಏಪ್ರಿಲಿನಲ್ಲಿ ಹೂವರಳಿಸುವ ಮಳೆಗೆ ಬ್ಲಾಸಮ್ ಶವರ್ ಎಂದೂ ಅದರ ಹಿಂದೆಯೇ ಬರಬೇಕಾದ ಮಳೆಗೆ ಬ್ಯಾಕಿಂಗ್ ಶವರ್ ಎಂದೂ ಹೆಸರು. ಈ ಎರಡನೆಯ ಪದ ಕಾಫಿಯ ನಾಡನ್ನರಿಯದ ಲಂಡನ್ನಿನವನಿಗೆ ಅರ್ಥವಾಗದು. ತೋಟದ ಲೆಕ್ಕ ಬರೆಯುವವನು ‘ರೈಟರ್’. ಈಸ್ಟ್ ಇಂಡಿಯಾ ಕಂಪನಿಯಲ್ಲಿ ಅತ್ಯಂತ ಕೆಳಗಿನ ದರ್ಜೆಯ ನೌಕರನಿಗೆ ಇದೇ ಹೆಸರಿದ್ದಿತು. ಕಲ್ಕತ್ತೆಯ ರೈಟರ್ಸ್ ಬಿಲ್ಡಿಂಗಿಗೆ ಆ ಹೆಸರು ಬಂದುದು ಅವರಿಂದಲೇ. ಇಂಗ್ಲೆಂಡಿನಲ್ಲಿ ಇಂದು ರೈಟರ್ ಎಂದರೆ ಗ್ರಂಥಕರ್ತ. ಮಲೆನಾಡಿನ ತೋಟದಲ್ಲಿ ಹಳೆಯ ಅರ್ಥ ಉಳಿದಿದೆ. ಅದನ್ನು ತಪ್ಪೆನ್ನಬಹುದೆ?

ಉತ್ತರ ಹೇಳುವುದಕ್ಕೆ ಮುಂಚೆ ನಮ್ಮಲ್ಲಿ ತಪ್ಪು ಒಪ್ಪುಗಳನ್ನು ನಿರ್ಣಯಿಸಿಕೊಡುತ್ತ ಬಂದಿರುವ ಕೈಪಿಡಿಗಳ ವಿಚಾರವನ್ನು ಸ್ವಲ್ಪ ನೋಡಬೇಕು. ಮುಂಬಯಿ ಪ್ರಾಂತ್ಯದಲ್ಲಿ ಸಿವಿಲ್ ಅಧಿಕಾರಿಯಾಗಿದ್ದ ವಿಟ್‌ವರ್ತ್ ಎಂಬವನು 1907ರಲ್ಲಿ ‘ಇಂಡಿಯನ್ ಇಂಗ್ಲಿಷ್’ ಎಂಬ ಪುಸ್ತಕವನ್ನು ಪ್ರಕಟಿಸಿ, ಇಂಡಿಯದವರು ಇಂಗ್ಲಿಷ್ ಬರೆಯುವಾಗ ನುಡಿಗಟ್ಟಿನಲ್ಲಿ ಎಡವುವ ಬಗೆಗಳನ್ನು ಪರೀಕ್ಷಿಸಿದನು. ಅದಕ್ಕೆ ಮುಂಚೆಯೇ, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ನೆಸ್‌ಫೀಲ್ಡನ ವ್ಯಾಕರಣಗಳು ನಮ್ಮ ಶಾಲೆಗಳನ್ನು ಪ್ರವೇಶಿಸಿದ್ದುವು. 1930ರ ದಶಕದಿಂದ ಆ ಸ್ಥಾನವನ್ನು ರೆನ್ ಮತ್ತು ಮಾರ್ಟಿನ್ ಇವರ ಪುಸ್ತಕ ಆಕ್ರಮಿಸಿತು. ಪರಿಷ್ಕೃತ ರೂಪದಲ್ಲಿ ಅದು ಇಂದಿಗೂ ಅಂಗಡಿಗಳಲ್ಲಿ ದೊರೆಯುತ್ತದೆ. (‘ಬ್ಯೂ ಜೆಸ್ಟ್’ ಎಂಬ ಸಾಹಸಕಾದಂಬರಿಯನ್ನು ಬರೆದ ರೆನ್ ಈತನೇ ಎಂಬುದು ವಿದ್ಯಾರ್ಥಿಗಳಲ್ಲಿ ಅನೇಕರಿಗೆ ತಿಳಿಯದು, ತಿಳಿದಿದ್ದರೆ ವ್ಯಾಕರಣದ ಬಗೆಗೆ ಅವರಿಗೆ ಇನ್ನಷ್ಟು ವಿಶ್ವಾಸ ಹುಟ್ಟುತ್ತಿತ್ತೊ ಏನೊ.) ಈ ಗ್ರಂಥಗಳ ಉಪಯೋಗವನ್ನು ಅಲ್ಲಗಳೆಯಲಾಗದು. ಇಂಗ್ಲಿಷ್ ವಾಕ್ಯವನ್ನು ಬಿಡಿಸಿ ನೋಡುವ ಶಿಸ್ತನ್ನು ಮೂರು ನಾಲ್ಕು ತಲೆಮಾರುಗಳ ಕನ್ನಡಿಗರು ಕಲಿತುದು ಇವುಗಳಿಂದಲೇ. ಆದರೆ ಇವೆಲ್ಲಕ್ಕೂ ಸಾಮಾನ್ಯವಾದ ಒಂದು ಕೊರತೆಯಿದೆ. ಇವುಗಳ ಓದುಗನು ಇಂಡಿಯದವನು, ಅಷ್ಟೆ. ಅವನು ಕನ್ನಡಿಗನೋ ಬಂಗಾಳಿಯೋ ಪಂಜಾಬಿಯೋ ಎಂದು ವಿಂಗಡಿಸುವುದು ಅಖಿಲ ಭಾರತದ ಮಾರಾಟಕ್ಕೆ ಹೊರಟ ಪುಸ್ತಕಕ್ಕೆ ಸಾಧ್ಯವೂ ಅಲ್ಲ. ಹೀಗಾಗಿ ತಪ್ಪಿನ ಪಟ್ಟಿ ಸಿಕ್ಕುತ್ತದೆ, ತಪ್ಪಿನ ಕಾರಣ ಸಿಕ್ಕುವುದಿಲ್ಲ.

ಇನ್ನೊಂದು ವಿಷಯ. ಶಾಲೆಯಲ್ಲಿ ನಿಯಮವೆಂದು ಬೋಧಿಸಲಾಗುವ ಎಲ್ಲವೂ ಇಂಗ್ಲಿಷಿನ ನಿಯಮವಲ್ಲ. ವಾಕ್ಯವನ್ನು ಪ್ರಿಪೊಸಿಷನ್ನಿನಿಂದ ಮುಗಿಸಬಾರದು ಎಂಬ ಮಾತನ್ನು ನೋಡಿರಿ. 1762ರಲ್ಲಿ ವ್ಯಾಕರಣ ಬರೆದ ರಾಬರ್ಟ್ ಲೌತ್ ಎಂಬ ಧರ್ಮಾಧಿಕಾರಿ ಈ ರಚನೆ ಗಂಭೀರ ಶೈಲಿಗೆ ಒಪ್ಪುವುದಿಲ್ಲವೆಂದು ಅಭಿಪ್ರಾಯಪಟ್ಟನು. ಆದರೆ ಆ ಅಭಿಪ್ರಾಯವನ್ನು ತಿಳಿಸುವಲ್ಲಿ ಅದೇ ರಚನೆಯನ್ನು ಬಳಸಿದನು. 1926ರಲ್ಲಿ ಫೌಲರ್ ಈ ನಿಷೇಧವನ್ನು ಮೂಢನಂಬಿಕೆಗಳ ಸಾಲಿಗೆ ಸೇರಿಸಿದನು. ಇಂಥ ನಿಷೇಧಗಳ ಹಿಂದೆ ಲ್ಯಾಟಿನ್ನಿನ ತಕ್ಕಡಿಯಲ್ಲಿ ಇಂಗ್ಲಿಷನ್ನು ತೂಗುವ ಅಭ್ಯಾಸವಿದ್ದಿತು. ಒಂದು ಭಾಷೆಯನ್ನು ಮತ್ತೊಂದರ ತಕ್ಕಡಿಯಲ್ಲಿ ತೂಗುವುದೆಂದರೇನೆಂಬುದು ಕನ್ನಡಿಗರಿಗೆ ಹೊಸ ಅನುಭವವಲ್ಲ. ನಾಗವರ್ಮನ ‘ಕರ್ಣಾಟಕ ಭಾಷಾಭೂಷಣ’ವೂ ಭಟ್ಟಾಕಳಂಕನು 1604ರಲ್ಲಿ ಮುಗಿಸಿದ ‘ಶಬ್ದಾನುಶಾಸನ’ವೂ ಕನ್ನಡದ ವ್ಯಾಕರಣಗಳೇ ಆಗಿದ್ದು ಸಂಸ್ಕೃತ ಸೂತ್ರಗಳಲ್ಲಿವೆ. ಕನ್ನಡದಲ್ಲೇ ಸೂತ್ರ ರಚಿಸಿದ ಕೇಶಿರಾಜನೂ ಸಂಸ್ಕೃತದ ಚೌಕಟ್ಟನ್ನು ಪೂರ್ತಿಯಾಗಿ ಬಿಡಲಿಲ್ಲ. ಆದರೆ ಅರಿಸಮಾಸದ ಪ್ರಕರಣದಲ್ಲಿ ಅವನು ನಡೆದುಕೊಂಡ ರೀತಿ ಗಮನಾರ್ಹವಾದುದು. ಸಂಸ್ಕೃತ ಪದದೊಡನೆ ಕನ್ನಡ ಪದವನ್ನು ಸಮಾಸ ಮಾಡಬಾರದೆಂದು ನಿಯಮಿಸಿ, ಬಿರುದಾವಳಿಗಳಲ್ಲಿಯೂ ಪೂರ್ವಕವಿಗಳ ಪ್ರಯೋಗದಲ್ಲಿಯೂ ಬಂದವುಗಳಿಗೆ ಅವನು ಎಡೆಗೊಟ್ಟನು. ನಿಯಮ ಬೇಕು, ಪ್ರಯೋಗದ ಅಧಿಕಾರವೂ ಬೇಕು. ಅದಕ್ಕಿಂತ ನಾನೂರು ವರ್ಷ ಹಿಂದಿನ ‘ಕವಿರಾಜಮಾರ್ಗ’ವಂತೂ ದೇಸಿ ಬೇರೆ ಬೇರೆಯಾಗಿರುವುದರಿಂದ ಕನ್ನಡಗಳಲ್ಲಿ ದೋಷವಿಷ್ಟೆಂದು ನಿಶ್ಚಯಿಸಲು ವಾಸುಕಿಗೂ ಆಗದೆಂಬ ಅಭಿಪ್ರಾಯವನ್ನು ತಾಳಿತು. ‘ಕನ್ನಡಗಳು’ ಎಂಬ ಆ ಬಹುವಚನ ಇಂಗ್ಲಿಷಿನ ಬಗೆಗೂ ಈಚಿನ ದಶಕಗಳಲ್ಲಿ ಬಳಕೆಗೆ ಬಂದಿರುವುದನ್ನು ಭಾಷಾಶಾಸ್ತ್ರವನ್ನು ಓದಿದವರು ಬಲ್ಲರು.

ಹಾಗಾದರೆ ತಪ್ಪನ್ನು ಪರೀಕ್ಷಿಸುವ ಸರಿಯಾದ ಕ್ರಮ ಯಾವುದು? ಅದಕ್ಕೆ ಮಾದರಿ ಬಹು ದೂರದಲ್ಲಿಲ್ಲ. ಹಲ್ಮಿಡಿ ಇರುವುದು ಬೇಲೂರು ತಾಲ್ಲೂಕಿನಲ್ಲಿಯೇ. ಅಲ್ಲಿ ದೊರೆತು 1936ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರ ಮೂಲಕ ವಿದ್ವಾಂಸರ ಗಮನಕ್ಕೆ ಬಂದ ಶಾಸನ, ಸುಮಾರು ಕ್ರಿ. ಶ. 450ರದೆಂದು ಎಣಿಸಲಾಗಿ, ಬಹುಕಾಲ ಕನ್ನಡದ ಅತ್ಯಂತ ಪ್ರಾಚೀನ ಶಾಸನವೆಂಬ ಮನ್ನಣೆಗೆ ಪಾತ್ರವಾಗಿತ್ತು. ಅದರ ಕನ್ನಡ ಸಂಸ್ಕೃತ ಸಮಾಸಗಳಿಂದ ಕಿಕ್ಕಿರಿದಿದೆ. ಅದನ್ನು ಓದುವ ಪಂಡಿತನು ತನಗೆ ಪರಿಚಯವಿಲ್ಲದ ರೂಪವೊಂದು ಎದುರಾದೊಡನೆ ಕೆಂಪು ಮಸಿಯಿಂದ ಗೆರೆ ಎಳೆಯುವುದಿಲ್ಲ. ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುತ್ತಾನೆ. ಇದು ಬರೆದವನ ಅಥವಾ ಕಂಡರಿಸಿದವನ ಕೈತಪ್ಪೆ? ಅವನ ಭಾಷೆಯ ವ್ಯವಸ್ಥೆಯೇ ಹಾಗಿತ್ತೆ? ಅಥವಾ ಆ ಪ್ರದೇಶದಲ್ಲಿ ಆ ಕಾಲಕ್ಕೆ ರೂಢವಾದ ಪ್ರಯೋಗವೆ? ಮೂರಕ್ಕೂ ಉತ್ತರ ಬೇರೆ, ಚಿಕಿತ್ಸೆಯೂ ಬೇರೆ. ಕಾರ್ಡರ್ ಎಂಬ ಬ್ರಿಟಿಷ್ ಭಾಷಾವಿಜ್ಞಾನಿ 1967ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಕಲಿಯುವವನ ಆಕಸ್ಮಿಕ ಪ್ರಮಾದವನ್ನೂ ಅವನ ಮನಸ್ಸಿನಲ್ಲಿ ನೆಲೆಸಿರುವ ವ್ಯವಸ್ಥೆಯಿಂದ ಹುಟ್ಟುವ ದೋಷವನ್ನೂ ಬೇರ್ಪಡಿಸಿ, ಎರಡನೆಯದು ಶಿಕ್ಷಕನಿಗೆ ದೊರೆತ ಸಾಕ್ಷ್ಯವೆಂದು ಪ್ರತಿಪಾದಿಸಿದಾಗ, ಅದು ಹೊಸ ಮಾತೆಂದು ತೋರಿತು. ಶಾಸನ ಓದುವವರಿಗೆ ಅದು ನಿತ್ಯದ ಕಸಬು. ಶಾಸನಕ್ಕೆ ತೋರುವ ಈ ಮರ್ಯಾದೆಯನ್ನು ಉತ್ತರಪತ್ರಿಕೆಗೂ ತೋರಬೇಕೆಂಬುದೇ ನನ್ನ ವಾದ. ಅದಕ್ಕಾಗಿ ಇಂಗ್ಲಿಷ್ ತಿದ್ದುವವನ ಕೈಯಲ್ಲಿ ಕನ್ನಡದ ವ್ಯಾಕರಣವಿರಬೇಕು, ಅದರಲ್ಲಿಯೂ ಆಡುಗನ್ನಡದ ವ್ಯಾಕರಣ. ಏಕೆಂದರೆ ವಿದ್ಯಾರ್ಥಿಯ ಇಂಗ್ಲಿಷಿನ ಅಡಿಯಲ್ಲಿ ಹರಿಯುವುದು ಕೇಶಿರಾಜನ ಕನ್ನಡವಲ್ಲ.

ಉದಾಹರಣೆಗಳಿಗೆ ಬರೋಣ. ‘ದ ರೈಟರ್ ಓನ್ಲಿ ಸೈನ್ಡ್ ದ ಮಸ್ಟರ್ ರೋಲ್.’ ಈ ವಾಕ್ಯವನ್ನು ಪ್ರಶ್ನಪತ್ರಿಕೆಯಲ್ಲಿಟ್ಟರೆ ರೆನ್ ಮತ್ತು ಮಾರ್ಟಿನ್ ಓದಿದ ಹುಡುಗನಿಗೆ ಇದರಲ್ಲಿ ತಿದ್ದುವುದಕ್ಕೆ ಏನೂ ಕಾಣಿಸದು. ಕರ್ತೃ ಇದೆ, ಕ್ರಿಯೆ ಇದೆ, ಕರ್ಮವಿದೆ, ಆರ್ಟಿಕಲ್ ಕೂಡ ತಪ್ಪದೆ ಬಂದಿದೆ. ಇಂಗ್ಲಿಷರವನು ಇದನ್ನು ಓದಿದರೆ ರೈಟರು ಸಹಿಯನ್ನು ಮಾತ್ರ ಹಾಕಿದನು, ಹಾಜರಿ ಬರೆದವರು ಬೇರೆ ಎಂದು ತಿಳಿಯುತ್ತಾನೆ. ಬರೆದ ಕನ್ನಡಿಗನ ಮನಸ್ಸಿನಲ್ಲಿದ್ದುದು ‘ರೈಟರೇ ಸಹಿ ಹಾಕಿದ’ ಎಂಬ ಮಾತು. ಮತ್ತಾರೂ ಅಲ್ಲ, ಅವನೇ. ಕನ್ನಡದ ಅವಧಾರಣೆಯ ‘ಏ’ಕಾರಕ್ಕೆ ಶಾಲೆಯಲ್ಲಿ ಕಲಿತ ಸಮಾನಪದ ‘ಓನ್ಲಿ’. ಆದರೆ ಕನ್ನಡದ ಏಕಾರ ತಾನು ಹತ್ತಿದ ಪದವನ್ನೇ ಹಿಡಿದು ಎತ್ತಿ ತೋರಿಸುತ್ತದೆ. ಇಂಗ್ಲಿಷಿನ ಓನ್ಲಿ ಕ್ರಿಯಾಪದದ ಮುಂದೆ ಬಂದಾಗ ಬಹುಮಟ್ಟಿಗೆ ಅದರ ಮುಂದಿರುವುದನ್ನು ಮೊಟಕುಗೊಳಿಸುತ್ತದೆ. ಕೂಲಿಯ ಲೆಕ್ಕದಲ್ಲಿ ವ್ಯಾಜ್ಯ ಬಂದಿತೆನ್ನೋಣ. ಮೊದಲನೆಯ ಅರ್ಥ ರೈಟರನ ಹೊಣೆಯನ್ನು ಹಗುರಗೊಳಿಸುತ್ತದೆ. ಎರಡನೆಯದು ಇಡೀ ಹೊಣೆಯನ್ನು ಅವನ ತಲೆಯ ಮೇಲೆ ಹೊರಿಸುತ್ತದೆ. ವಾಕ್ಯ ಒಂದೇ.

ಇದಕ್ಕಿಂತಲೂ ವಿಚಿತ್ರವಾದುದು ಕಾಲವಾಚಕದ ಮೇಲಿನ ಅವಧಾರಣೆ. ‘ನಿನ್ನೆಯೇ ಹಣ ಕಟ್ಟಿದೆ’ ಎಂದರೆ ಕನ್ನಡದಲ್ಲಿ ತಡಮಾಡಲಿಲ್ಲ ಎಂದರ್ಥ. ‘ಐ ಪೇಯ್ಡ್ ಓನ್ಲಿ ಯೆಸ್ಟರ್ಡೇ’ ಎಂದು ಇದನ್ನು ಇಂಗ್ಲಿಷಿಗೆ ತಿರುಗಿಸಿದರೆ ನಿನ್ನೆಯವರೆಗೂ ಕಟ್ಟಿರಲಿಲ್ಲ ಎಂದಾಗುತ್ತದೆ. ತಾನು ಜಾಗರೂಕನೆಂದು ಹೇಳಹೊರಟವನು ತಾನು ಆಲಸಿಯೆಂದು ಬರೆದುಕೊಟ್ಟಂತಾಯಿತು. ವ್ಯಾಕರಣದೋಷ ಯಾವುದೂ ಇಲ್ಲ. ನಮ್ಮವರು ಇಂಥಲ್ಲಿ ‘ಯೆಸ್ಟರ್ಡೇ ಇಟ್ಸೆಲ್ಫ್’ ಎಂದು ಹೇಳುವ ರೂಢಿಯನ್ನು ಬೆಳೆಸಿಕೊಂಡಿದ್ದಾರೆ. ಕೈಪಿಡಿಗಳು ಹಳಿಯುವುದು ಈ ಪ್ರಯೋಗವನ್ನು! ವಾಸ್ತವವಾಗಿ ಇದು ಬ್ರಿಟಿಷ್ ಶಿಷ್ಟಪ್ರಯೋಗವಲ್ಲದಿದ್ದರೂ ಕೇಳಿದವನನ್ನು ತಪ್ಪು ದಾರಿಗೆ ಎಳೆಯುವುದಿಲ್ಲ. ಕೇಳಿದವನನ್ನು ತಪ್ಪು ದಾರಿಗೆಳೆಯುವ ನಿರ್ದುಷ್ಟ ವಾಕ್ಯವನ್ನು ಬಿಟ್ಟು, ದಾರಿ ತಪ್ಪಿಸದ ಅಶಿಷ್ಟ ವಾಕ್ಯವನ್ನು ದಂಡಿಸುವ ಪರೀಕ್ಷೆ ಎಲ್ಲಿಯೋ ತಾಳ ತಪ್ಪಿದೆಯೆಂದು ಒಪ್ಪಬೇಕು. ಇಲ್ಲಿ ಪರಿಹಾರವೂ ಕನ್ನಡದೊಳಗೇ ಇದೆ. ‘ರೈಟರೇ ಸಹಿ ಹಾಕಿದ’ ಎಂಬುದನ್ನು ನಾವು ‘ಸಹಿ ಹಾಕಿದ್ದು ರೈಟರೇ’ ಎಂದೂ ಹೇಳುತ್ತೇವಷ್ಟೆ. ಈ ಎರಡನೆಯ ರಚನೆಯನ್ನು ವಿದ್ಯಾರ್ಥಿಗೆ ನೆನಪಿಸಿದರೆ ‘ಇಟ್ ವಾಸ್ ದ ರೈಟರ್ ಹು ಸೈನ್ಡ್’ ಎಂಬುದಕ್ಕೆ ಒಂದೇ ಹೆಜ್ಜೆ.

ಹೌದು ಅಲ್ಲಗಳ ವಿಷಯವೂ ಇಂಥದೇ. ‘ನಿನ್ನೆ ಕೆಲಸಕ್ಕೆ ಬರಲಿಲ್ಲವೆ?’ ಎಂದು ಕೇಳಿದರೆ ಕನ್ನಡಿಗನು ‘ಹೌದು, ಬರಲಿಲ್ಲ’ ಎನ್ನಬಹುದು, ‘ಇಲ್ಲ, ಬರಲಿಲ್ಲ’ ಎಂದೂ ಎನ್ನಬಹುದು. ಮೊದಲನೆಯ ಉತ್ತರದ ‘ಹೌದು’ ಪ್ರಶ್ನೆ ಕೇಳಿದವನ ಊಹೆಯನ್ನು ಸಮರ್ಥಿಸುತ್ತದೆ. ಇಂಗ್ಲಿಷಿನ ‘ಯೆಸ್’ ಊಹೆಯನ್ನು ನೋಡದೆ ಸಂಗತಿಯನ್ನು ನೋಡುತ್ತದೆ. ಆದ್ದರಿಂದ ಇಂಗ್ಲಿಷಿನಲ್ಲಿ ಕೇಳಿದ ಇದೇ ಪ್ರಶ್ನೆಗೆ ಬರಿಯ ‘ಯೆಸ್’ ಎಂದು ತಲೆದೂಗಿದವನು ತಾನು ಬಂದಿದ್ದೆನೆಂದು ಒಪ್ಪಿಕೊಂಡನೆಂದೇ ದಾಖಲಾಗುತ್ತದೆ. ವಿಚಾರಣೆಯ ಕೊಠಡಿಯಲ್ಲಿಯೋ ವೈದ್ಯನೆದುರಿಗೋ ಇದರಿಂದ ಎಂಥ ಅನರ್ಥವಾಗಬಹುದೆಂಬುದನ್ನು ವಿಸ್ತರಿಸಬೇಕಾಗಿಲ್ಲ. ಒಂದೇ ಪದದ ಉತ್ತರದಲ್ಲಿ ತಿದ್ದುವುದಕ್ಕೆ ವಾಕ್ಯವೇ ಇಲ್ಲವಲ್ಲ!

ಇನ್ನು ನಿಜವಾಗಿ ವ್ಯಾಕರಣಕ್ಕೆ ಸೇರಿದ ದೋಷಗಳು. ‘ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್ಡೇ’ ಎಂಬುದು ದೋಷವೇ ಸರಿ. ಇದರಲ್ಲಿ ಎರಡು ಮಾತಿಲ್ಲ. ‘ನಿನ್ನೆ ಅವನನ್ನು ನೋಡಿದ್ದೇನೆ’ ಎಂಬುದು ಕನ್ನಡದಲ್ಲಿ ನಿರ್ದುಷ್ಟವಾದುದರಿಂದ ವಿದ್ಯಾರ್ಥಿ ಹೀಗೆ ಬರೆಯುತ್ತಾನೆ. ಕನ್ನಡದ ‘ನೋಡಿದ್ದೇನೆ’ ಮುಗಿದ ದಿನದ ಹೆಸರನ್ನು ತನ್ನ ಪಕ್ಕದಲ್ಲಿ ಕೂರಿಸಿಕೊಳ್ಳುತ್ತದೆ. ಇಂಗ್ಲಿಷಿನ ‘ಹ್ಯಾವ್ ಸೀನ್’ ಕೂರಿಸಿಕೊಳ್ಳದು. ಇಷ್ಟನ್ನು ಹೇಳಿದರೆ ಒಮ್ಮೆಗೇ ಸಾಕಾಗುತ್ತದೆ. ಹೇಳದೆ ಹತ್ತು ಸಲ ತಿದ್ದಿದರೂ ಸಾಲದು. ಆರ್ಟಿಕಲ್ಲುಗಳ ವಿಷಯದಲ್ಲಿ ಕನ್ನಡದಲ್ಲಿ ಅವು ಇಲ್ಲವೇ ಇಲ್ಲವೆಂದು ಹೇಳಿ ಕೈಬಿಡುವುದು ವಾಡಿಕೆ. ಪೂರ್ತಿಯಾಗಿ ಹಾಗಲ್ಲ. ‘ಅವನು ಪುಸ್ತಕ ತಂದ’, ‘ಅವನು ಪುಸ್ತಕವನ್ನು ತಂದ’ ಇವೆರಡನ್ನು ಆಡುಮಾತಿನ ಕಿವಿಯಿಂದ ಕೇಳಿರಿ. ಮೊದಲನೆಯದರಲ್ಲಿ ಯಾವುದೋ ಪುಸ್ತಕ. ಎರಡನೆಯದರಲ್ಲಿ ನಾವಿಬ್ಬರೂ ಬಲ್ಲ ಆ ಪುಸ್ತಕ. ಅಚೇತನ ವಸ್ತುಗಳಲ್ಲಿ ದ್ವಿತೀಯಾ ಪ್ರತ್ಯಯದ ಇರವು ಇಲ್ಲದಿರವುಗಳು ಇಂಗ್ಲಿಷಿನ ‘ಎ’ ಮತ್ತು ‘ದ’ ಮಾಡುವ ಕೆಲಸದ ಒಂದು ಭಾಗವನ್ನು ಮಾಡುತ್ತವೆ. ಕರ್ತೃಸ್ಥಾನದಲ್ಲಿಯಾದರೆ ‘ಹುಡುಗ ಬಂದ’, ‘ಒಬ್ಬ ಹುಡುಗ ಬಂದ’ ಎಂಬ ಭೇದವಿದೆ. ಬರವಣಿಗೆಯ ಕನ್ನಡ ಎಲ್ಲೆಡೆಯೂ ‘ಅನ್ನು’ ಹಚ್ಚುವುದರಿಂದ ಈ ಸೂಕ್ಷ್ಮ ಮಸುಕಾಗಿದೆ. ಮಾತನಾಡುವ ಹುಡುಗನಲ್ಲಿ ಅದು ಜೀವಂತವಾಗಿದೆ; ಅಧ್ಯಾಪಕನು ಅದನ್ನು ಹಿಡಿದು ಮೇಲಕ್ಕೆತ್ತಬೇಕು, ಅಷ್ಟೆ.

ಎಲ್ಲ ತಪ್ಪಿಗೂ ಕನ್ನಡವನ್ನೇ ಹೊಣೆಮಾಡುವುದೂ ನ್ಯಾಯವಲ್ಲ. ‘ಐ ಆಮ್ ಹ್ಯಾವಿಂಗ್ ಟು ಬ್ರದರ್ಸ್’, ‘ಐ ಆಮ್ ನೋಯಿಂಗ್ ಹಿಮ್’ ಎಂಬಿವು ಕನ್ನಡದ ಅನುವಾದಗಳೆಂದು ಹೇಳುವವರುಂಟು. ಆದರೆ ‘ನನಗೆ ಇಬ್ಬರು ತಮ್ಮಂದಿರಿದ್ದಾರೆ’ ಎಂಬಲ್ಲಿ ಹೊಂದು ಎಂಬ ಕ್ರಿಯೆಯೇ ಇಲ್ಲ, ‘ನನಗೆ ಅವನು ಗೊತ್ತು’ ಎಂಬಲ್ಲಿ ಕಾಲಪ್ರತ್ಯಯವೇ ಇಲ್ಲ. ‘ತಿಳಿಯುತ್ತಿದ್ದೇನೆ’ ಎಂದು ಯಾವ ಕನ್ನಡಿಗನೂ ಹೇಳುವುದಿಲ್ಲ. ಇದರ ಮೂಲವನ್ನು ತರಗತಿಯಲ್ಲಿಯೇ ಹುಡುಕಬೇಕೆಂದು ನನಗೆ ತೋರುತ್ತದೆ. ಹಿಂದಿನ ಶತಮಾನದ ನಡುವಿನಿಂದ ಪ್ರಚಾರಕ್ಕೆ ಬಂದ ರಚನಾಕ್ರಮದ ಬೋಧನೆಯಲ್ಲಿ ಅಧ್ಯಾಪಕನು ಬಾಗಿಲಿನತ್ತ ನಡೆಯುತ್ತ ‘ಐ ಆಮ್ ವಾಕಿಂಗ್ ಟು ದ ಡೋರ್’ ಎಂದು ಹೇಳಿಕೊಡುವುದು ಮೊದಲ ಪಾಠಗಳಲ್ಲಿ ಒಂದಾಗಿತ್ತು. ಮಾಡಿ ತೋರಿಸಬಹುದಾದ ಕ್ರಿಯೆ ಅದು. ಬಲ್ಲೆ, ಇದೆ, ಸೇರಿದೆ ಎಂಬುವನ್ನು ಮಾಡಿ ತೋರಿಸಲಾಗದು. ಹೀಗೆ ‘ಇಂಗ್’ ಎಂಬುದೇ ವರ್ತಮಾನಕಾಲದ ಲಾಂಛನವೆಂದು ಮಗುವಿನ ಮನಸ್ಸಿನಲ್ಲಿ ನಿಂತರೆ ಆಶ್ಚರ್ಯವೇನು? ಹೈದರಾಬಾದಿನಲ್ಲಿ 1958ರಲ್ಲಿಯೂ ಬೆಂಗಳೂರಿನಲ್ಲಿ 1963ರಲ್ಲಿಯೂ ಸ್ಥಾಪಿತವಾದ ಇಂಗ್ಲಿಷ್ ಶಿಕ್ಷಣ ಸಂಸ್ಥೆಗಳು ಅಧ್ಯಾಪಕರ ತರಬೇತಿಗೆ ಮಾಡಿದ ಉಪಕಾರ ದೊಡ್ಡದು. ಆದರೆ ಬೋಧನಕ್ರಮವೇ ಹುಟ್ಟಿಸಿದ ದೋಷವನ್ನು ಮಾತೃಭಾಷೆಯ ಲೆಕ್ಕಕ್ಕೆ ಬರೆಯುವ ಅಭ್ಯಾಸ ಮಾತ್ರ ಇನ್ನೂ ಹೋಗಿಲ್ಲ. ಅರೇಹಳ್ಳಿಯಂಥ ತೋಟದ ಸೀಮೆಯಲ್ಲಿ ಕೆಲವು ಮಕ್ಕಳ ಮನೆಮಾತು ತುಳು, ತಮಿಳು ಅಥವಾ ಉರ್ದು ಎಂಬುದನ್ನೂ ಇಲ್ಲಿ ಮರೆಯಬಾರದು.

ಮೂರನೆಯ ವರ್ಗ, ರೂಢಪ್ರಯೋಗಗಳದು. ‘ಕಸಿನ್ ಬ್ರದರ್’ ಎಂಬುದನ್ನು ಪುನರುಕ್ತಿಯೆಂದು ಹೊಡೆದುಹಾಕುವವರು ಅದರ ಅವಶ್ಯಕತೆಯನ್ನು ಯೋಚಿಸಿಲ್ಲ. ಚಿಕ್ಕಪ್ಪನ ಮಗ ನಮ್ಮಲ್ಲಿ ಅಣ್ಣ ಅಥವಾ ತಮ್ಮ. ಸೋದರಮಾವನ ಮಗ ಭಾವ ಅಥವಾ ಭಾವಮೈದ. ಮೊದಲನೆಯವನೊಡನೆ ಮದುವೆಯ ಮಾತೇ ಇಲ್ಲ, ಎರಡನೆಯವನು ವರನಾಗಬಹುದಾದವನು. ಇಂಗ್ಲಿಷಿನ ‘ಕಸಿನ್’ ಈ ಭೇದವನ್ನು ಮಾತ್ರವಲ್ಲ, ಗಂಡುಹೆಣ್ಣಿನ ಭೇದವನ್ನೂ ನುಂಗಿಹಾಕುತ್ತದೆ. ಷಡ್ಡಕನಿಗೆ ‘ಕೋಬ್ರದರ್’ ಎಂದೂ ಓರಗಿತ್ತಿಗೆ ‘ಕೋಸಿಸ್ಟರ್’ ಎಂದೂ ನಮ್ಮವರು ಹೆಸರಿಟ್ಟುದು ಆ ಸಂಬಂಧಗಳಿಗೆ ಇಂಗ್ಲಿಷಿನಲ್ಲಿ ಒಂದೇ ಪದದ ಹೆಸರಿಲ್ಲವಾದುದರಿಂದ. ‘ಪ್ರಿಪೋನ್’ ಇಂದು ಆಕ್ಸ್‌ಫರ್ಡ್ ನಿಘಂಟನ್ನೇ ಸೇರಿದೆ. ‘ಡು ದ ನೀಡ್‌ಫುಲ್’ ಎಂಬುದಂತೂ ಇಂಗ್ಲಿಷರ ಕಚೇರಿಗಳಿಂದಲೇ ನಾವು ಕಲಿತದ್ದು. ಅವರು ಮರೆತರು, ನಾವು ಉಳಿಸಿಕೊಂಡೆವು. ತೋಟದ ‘ರೈಟರ್’ ಕೂಡ ಈ ಗುಂಪಿಗೆ ಸೇರಿದವನೇ. ಇವು ಪದಗಳ ಮಾತು; ವ್ಯಾಕರಣದ ತಕ್ಕಡಿ ಇಲ್ಲಿ ಕೆಲಸಕ್ಕೆ ಬಾರದು. ‘ಈಸಿಂಟ್ ಇಟ್’ ಎಂಬುದನ್ನು ಎಲ್ಲ ವಾಕ್ಯಗಳ ಕೊನೆಗೂ ಹಚ್ಚುವುದು ಮಾತ್ರ ರಚನೆಗೆ ಸೇರಿದ್ದು. ಅದು ಕನ್ನಡದ ‘ಅಲ್ಲವೆ’. ಫ್ರೆಂಚರಿಗೂ ಜರ್ಮನರಿಗೂ ಇಂಥ ಬದಲಾಗದ ಒಂದೊಂದು ಬಾಲವಿದೆ, ಲಂಡನ್ನಿನ ಬೀದಿಯ ಮಾತಿನಲ್ಲಿಯೂ ಈಗ ಹಾಗೆಯೇ ಕೇಳಿಬರುತ್ತದೆ. ಮಾತಿನಲ್ಲಿ ಇದನ್ನು ಬಿಡಬಹುದು, ಪರೀಕ್ಷೆಯ ಬರವಣಿಗೆಯಲ್ಲಿ ತಿದ್ದಬೇಕು ಎಂಬುದು ನನ್ನ ನಿಲುವು.

ಏಕೆಂದರೆ ವಿರುದ್ಧ ದಿಕ್ಕಿನ ಅತಿರೇಕವೂ ಇದೆ. ಬ್ರಜ್ ಕಚ್ರು ಅವರ ಬರಹಗಳಿಂದ ಭಾರತೀಯ ಇಂಗ್ಲಿಷ್ ಎಂಬುದಕ್ಕೆ ಶಾಸ್ತ್ರೀಯ ಮನ್ನಣೆ ದೊರೆತ ಮೇಲೆ, ತಿದ್ದುವುದೇ ದಾಸ್ಯದ ಗುರುತೆಂದು ಮಾತನಾಡುವವರು ಹುಟ್ಟಿಕೊಂಡರು. 1990ರ ಸುಮಾರಿನಲ್ಲಿ ಕಚ್ರು ಅವರಿಗೂ ಲಂಡನ್ನಿನ ರ್ಯಾಂಡಾಲ್ಫ್ ಕ್ವರ್ಕ್ ಅವರಿಗೂ ನಡೆದ ವಾದದಲ್ಲಿ ಕ್ವರ್ಕ್ ಅವರ ಪಕ್ಷದ ಒಂದು ಅಂಶವನ್ನು ಕಡೆಗಣಿಸಲಾಗದು: ಶಿಷ್ಟ ರೂಪವನ್ನು ಕಲಿಸದೆ ಬಿಟ್ಟರೆ ನಷ್ಟ ಅಧ್ಯಾಪಕನಿಗಲ್ಲ, ವಿದ್ಯಾರ್ಥಿಗೆ. ಅರೇಹಳ್ಳಿಯ ಹುಡುಗಿಯೊಬ್ಬಳು ಬರೆದ ಅರ್ಜಿಯನ್ನು ಬೆಂಗಳೂರಿನಲ್ಲಿ ಓದುವವನು ಕಚ್ರು ಅವರನ್ನು ಓದಿರಬೇಕಾಗಿಲ್ಲ.

ಈ ಪ್ರಸಂಗದಲ್ಲಿ ರಾಜಾರಾಯರ ಹೆಸರು ಬಾರದೆ ಇರದು. 1908ರಲ್ಲಿ ಹಾಸನದಲ್ಲಿ ಹುಟ್ಟಿದ ಅವರು 1938ರಲ್ಲಿ ಪ್ರಕಟಿಸಿದ ‘ಕಾಂತಾಪುರ’ದಲ್ಲಿ ಸ್ಕೆಫಿಂಗ್‌ಟನ್ ಕಾಫಿ ತೋಟವೇ ಒಂದು ಪಾತ್ರದಂತಿದೆ. ಊರಿನ ಮುದುಕಿಯೊಬ್ಬಳು ಹೇಳುವ ಕಥೆಯಾದುದರಿಂದ ಅದರ ಇಂಗ್ಲಿಷ್ ವಾಕ್ಯಗಳು ಕೂಡಿಸುವ ಅವ್ಯಯಗಳನ್ನು ಪೋಣಿಸಿಕೊಂಡು ಉದ್ದಕ್ಕೂ ಓಡುತ್ತವೆ. ಎದ್ದು, ತೊಳೆದು, ಕುಡಿದು, ನಡೆದು ಎಂದು ಕೃದಂತಗಳನ್ನು ಸಾಲಾಗಿ ನಿಲ್ಲಿಸುವ ಕನ್ನಡದ ಕಥನ ಅಲ್ಲಿ ಇಂಗ್ಲಿಷಿನ ವೇಷದಲ್ಲಿದೆ. ತಪ್ಪು ತಿದ್ದುವ ಪ್ರಶ್ನೆಗೆ ಅದರ ಕೆಲವು ವಾಕ್ಯಗಳನ್ನು ಹಾಕಿದರೆ ಲೇಖಕನು ನಪಾಸಾಗುವುದರಲ್ಲಿ ಸಂಶಯವಿಲ್ಲ. ಆದರೆ ರಾಜಾರಾಯರು ಶಿಷ್ಟ ರೂಪವನ್ನು ಬಲ್ಲವರಾಗಿ ಅದನ್ನು ಬಿಟ್ಟರು; ಗ್ರಂಥದ ಮುನ್ನುಡಿಯಲ್ಲಿ ಕಾರಣವನ್ನೂ ವಿವರಿಸಿದರು. ರಸೀದಿ ಬರೆಯುವ ರೈಟರನಿಗೆ ಆ ಆಯ್ಕೆ ಇಲ್ಲ. ಕಾದಂಬರಿಯ ಓದುಗನು ಮುಂದಿನ ಪುಟಕ್ಕೆ ಕಾಯುತ್ತಾನೆ. ರಸೀದಿಯನ್ನು ಓದುವವನು ಕಾಯುವುದಿಲ್ಲ.

ಈಗ ಗಣಕಯಂತ್ರವೇ ವಾಕ್ಯವನ್ನು ಪರೀಕ್ಷಿಸಿ ದೋಷದ ಕೆಳಗೆ ಗೆರೆ ಎಳೆಯುತ್ತದೆ. ವಿದ್ಯಾರ್ಥಿಗಳ ಅಂಗೈಯಲ್ಲಿರುವ ದೂರವಾಣಿಯಲ್ಲಿಯೂ ಈ ಸೌಲಭ್ಯವಿದೆ. ಬಿಟ್ಟುಹೋದ ಆರ್ಟಿಕಲ್ಲನ್ನು ಸೇರಿಸುವುದಕ್ಕೂ ವಚನದೋಷವನ್ನು ತಿದ್ದುವುದಕ್ಕೂ ಇದು ಬಹಳ ಉಪಯುಕ್ತ, ಇದನ್ನು ತಿರಸ್ಕರಿಸುವುದು ಹಟವಾದೀತು. ಆದರೆ ‘ಐ ಪೇಯ್ಡ್ ಓನ್ಲಿ ಯೆಸ್ಟರ್ಡೇ’ ಎಂಬುದನ್ನಷ್ಟೇ ಅದರ ಮುಂದಿಟ್ಟರೆ ಗೆರೆ ಎಳೆಯುವುದಕ್ಕೆ ಅದಕ್ಕೆ ಆಧಾರವೇನು? ಹಣ ಕಟ್ಟಿದವನು ‘ನಿನ್ನೆಯೇ’ ಎಂದುಕೊಂಡನೆಂಬುದು ವಾಕ್ಯದಲ್ಲಿಲ್ಲ. ಅದನ್ನು ಊಹಿಸಬಲ್ಲವನು ಅವನೆದುರಿಗೆ ಕುಳಿತ, ಕನ್ನಡ ಬಲ್ಲ ಅಧ್ಯಾಪಕ.

ಆದ್ದರಿಂದ ತಪ್ಪು ತಿದ್ದುವ ಪ್ರಶ್ನೆಯನ್ನು ಕೈಬಿಡುವುದಕ್ಕಿಂತ ಅದರ ರೂಪವನ್ನು ಬದಲಾಯಿಸುವುದು ಲೇಸು. ಬಿಡಿವಾಕ್ಯದ ಬದಲು ಸಂದರ್ಭವನ್ನು, ಬೇಕಾದರೆ ಕನ್ನಡದಲ್ಲಿಯೇ, ಕೊಡಬೇಕು. ಮಾದರಿಗಾಗಿ ಒಂದನ್ನು ಇಲ್ಲಿ ಕೊಟ್ಟಿದೆ. ಒಬ್ಬ ವಿದ್ಯಾರ್ಥಿನಿ ಬುಧವಾರ ಶುಲ್ಕ ಕಟ್ಟಿದ್ದಾಳೆ. ಕೊನೆಯ ದಿನ ಗುರುವಾರ. ಶುಲ್ಕ ಬಂದಿಲ್ಲವೆಂದು ಶುಕ್ರವಾರ ಕಚೇರಿಯಿಂದ ಅವಳಿಗೆ ಕಾಗದ ಬಂದಿದೆ. ಅವಳು ‘ಐ ಹ್ಯಾವ್ ಪೇಯ್ಡ್ ಆನ್ ವೆನ್ಸ್‌ಡೇ ಓನ್ಲಿ’ ಎಂದು ಉತ್ತರ ಬರೆದಿದ್ದಾಳೆ. ಅವಳು ಹೇಳಬೇಕೆಂದುಕೊಂಡುದನ್ನು ಮೊದಲು ಕನ್ನಡದಲ್ಲಿ ಬರೆಯಿರಿ. ಕಚೇರಿಯವರು ಅದನ್ನು ಹೇಗೆ ತಿಳಿದಾರೆಂಬುದನ್ನು ಹೇಳಿರಿ. ಆಮೇಲೆ ವಾಕ್ಯವನ್ನು ತಿದ್ದಿರಿ. ಮೂರು ಅಂಕಗಳು.